ಗೃಹೋಪಕರಣ ವಿಚಾರ: ಹೊಗೆಯಲ್ಲಿ ಬೇಯಿಸುವ ಒಲೆಗೆ ಬೇಕಾದುವು, ಬೇಡದುವು

ಅಮೆರಿಕದಲ್ಲಿ ಸಂಸಾರ ಹೂಡಿರುವ ನಮ್ಮವರಲ್ಲಿ ಮಾಂಸಾಹಾರಿಗಳಾದ ಕೆಲವರ ಹಿತ್ತಿಲುಗಳಲ್ಲಿ ಕೆಟಲ್ ಗ್ರಿಲ್ ಎಂಬ ಇದ್ದಿಲ ಒಲೆಯು ಕಾಣಬರುತ್ತದೆ. ಮೂರು ಕಾಲಿನ ಮೇಲೆ ನಿಂತ ಉಕ್ಕಿನ ಬೋಗುಣಿ. ಅದರ ಮೇಲೆ ಗುಮ್ಮಟದಂತಹ ಮುಚ್ಚಳ. ಕೆಳಗೂ ಮೇಲೂ ಗಾಳಿಕಂಡಿ. ಒಳಗೆ ಎರಡು ಜಾಲರಿ, ಒಂದು ಇದ್ದಿಲಿಗೆ, ಇನ್ನೊಂದು ಮಾಂಸಕ್ಕೆ. ಒಲೆಯೆಂದರೆ ಇಷ್ಟೇ. ಕೊಂಡವರು ಮೊದಲ ಬೇಸಗೆಯಲ್ಲಿ ಕೋಳಿಯ ತುಂಡುಗಳನ್ನು ಕೆಂಡದ ಮೇಲೆ ಸುಟ್ಟು ತೃಪ್ತರಾಗುತ್ತಾರೆ. ಮರುವರ್ಷ ನೆರೆಯವರ ಮನೆಯಲ್ಲಿ, ದಿನವಿಡೀ ಹೊಗೆಯಲ್ಲಿ ಬೆಂದು ಬೆಣ್ಣೆಯಂತಾದ ಹಂದಿಯ ಹೆಗಲಮಾಂಸವನ್ನುಂಡು, ತಾವೂ ಹಾಗೆ ಮಾಡಬೇಕೆಂದು ಅಂಗಡಿಗೆ ಹೋಗುತ್ತಾರೆ. ತೊಡಕು ಅಲ್ಲಿಂದ ಆರಂಭ. ಒಲೆಯ ಬೆಲೆಗಿಂತ ಅದರ ಪರಿಕರಗಳ ಬೆಲೆಯೇ ಹೆಚ್ಚಾಗುವುದುಂಟು. (ಮಾಂಸವನ್ನು ಮುಟ್ಟದ ವಾಚಕರು ಪುಟವನ್ನು ಮಗುಚಬಹುದು, ಆದರೆ ಜೋಳದ ತೆನೆ, ಬದನೆಕಾಯಿಗಳನ್ನು ಸುಡುವವರು ಕೊನೆಯ ಭಾಗವನ್ನಾದರೂ ಓದುವುದು ಒಳ್ಳೆಯದು.)

ಈ ಒಲೆಯನ್ನು ೧೯೫೨ರಲ್ಲಿ ರೂಪಿಸಿದವನು ಜಾರ್ಜ್ ಸ್ಟೀಫನ್. ಚಿಕಾಗೋ ನಗರದ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿದ್ದ ಈತನು, ನೀರಿನ ಮೇಲೆ ಗುರುತಿಗಾಗಿ ತೇಲಬಿಡುವ ಲೋಹದ ಗೋಳವನ್ನು ಕತ್ತರಿಸಿ, ಒಂದು ಭಾಗವನ್ನು ಬೋಗುಣಿಯಾಗಿಯೂ ಇನ್ನೊಂದನ್ನು ಮುಚ್ಚಳವಾಗಿಯೂ ಮಾಡಿದನು. ಅವನ ಬುದ್ಧಿಯೆಲ್ಲವೂ ಆ ಮುಚ್ಚಳದಲ್ಲಿದೆ. ಮುಚ್ಚಳವೂ ಗಾಳಿಕಂಡಿಗಳೂ ಇರುವುದರಿಂದಲೇ ಬೆಂಕಿಯನ್ನು ಹಿಡಿತದಲ್ಲಿಡಲು ಸಾಧ್ಯ. ಆದುದರಿಂದ ಅಂಗಡಿಯಲ್ಲಿ ಯಾವ ಸಾಮಾನನ್ನು ಕಂಡರೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಬೆಂಕಿಯನ್ನು ಅಳೆಯುವುದಕ್ಕಾಗಲಿ ಆಳುವುದಕ್ಕಾಗಲಿ ಸಹಾಯವೋ, ಅಥವಾ ಬರಿಯ ಶೃಂಗಾರವೋ?

ಇಲ್ಲಿ ಒಂದು ಭ್ರಮೆಯನ್ನು ತೊಡೆದುಹಾಕಬೇಕು. ಕೊಡಗಿನ ಮನೆಗಳಲ್ಲಿ ಮಳೆಗಾಲಕ್ಕೆಂದು ಒಲೆಯ ಮೇಲ್ಗಡೆ ಮಾಂಸವನ್ನು ತೂಗಹಾಕಿ ಹೊಗೆಯಲ್ಲಿ ಒಣಗಿಸುವ ರೂಢಿಯನ್ನು ಬಲ್ಲವರು, ಇದೂ ಅದೇ ಎಂದು ತಿಳಿಯುವರು. ಅಲ್ಲಿಯದು ಒಣಗಿಸಿ ಕಾಪಾಡುವ ಕ್ರಮ. ಇಲ್ಲಿಯದು ಬೇಯಿಸಿ ಉಣ್ಣುವ ಕ್ರಮ. ಕೆಟಲಿನಿಂದಿಳಿಸಿದ ಮಾಂಸಕ್ಕೆ ಹೊಗೆಯ ಪರಿಮಳವಿದ್ದ ಮಾತ್ರಕ್ಕೆ ಅದು ಕೆಡದೆ ಉಳಿಯುವುದಿಲ್ಲ. ಉಳಿದದ್ದನ್ನು ಎರಡು ಗಂಟೆಯೊಳಗೆ ಶೀತಪೆಟ್ಟಿಗೆಯಲ್ಲಿಡತಕ್ಕದ್ದು.

ಎಲ್ಲಕ್ಕೂ ಮೊದಲು ಕೊಳ್ಳಬೇಕಾದುದು ಉಷ್ಣಮಾಪಕ. ಹೊಗೆಯಡುಗೆಗೆ ಒಲೆಯೊಳಗಿನ ಕಾವು ೨೨೫ರಿಂದ ೨೭೫ ಫಾರೆನ್‌ಹೀಟ್, ಅಂದರೆ ಸುಮಾರು ೧೦೭ರಿಂದ ೧೩೫ ಸೆಂಟಿಗ್ರೇಡ್ ಇರಬೇಕು. ಮುಚ್ಚಳದಲ್ಲಿಯೇ ಒಂದು ಮಾಪಕವಿರುತ್ತದಲ್ಲ ಎನ್ನಬಹುದು. ಅದು ಗುಮ್ಮಟದ ಕೆಳಗಿನ ಗಾಳಿಯ ಕಾವನ್ನು ಹೇಳುತ್ತದೆಯೇ ಹೊರತು ಮಾಂಸವಿರುವ ಜಾಲರಿಯದನ್ನಲ್ಲ. ಎರಡಕ್ಕೂ ಹತ್ತಾರು ಡಿಗ್ರಿಗಳ ಅಂತರವಿರಬಹುದು. ಎರಡು ತಂತಿಗಳುಳ್ಳ ಮಾಪಕವನ್ನು ಕೊಂಡರೆ ಒಂದನ್ನು ಜಾಲರಿಯ ಮೇಲೂ ಇನ್ನೊಂದನ್ನು ಮಾಂಸದ ನಡುವೆಯೂ, ಎಲುಬಿಗೆ ತಾಗದಂತೆ, ಇಡಬಹುದು. ಹೊಗೆಯು ಮಾಂಸಕ್ಕೆ ಹೊರಗಿನಿಂದ ಚೆಂದದ ಕೆಂಬಣ್ಣವನ್ನು ಕೊಡುವುದರಿಂದ ಕಣ್ಣಿನ ಸಾಕ್ಷ್ಯವನ್ನು ನಂಬುವಂತಿಲ್ಲ. ಕೋಳಿಯ ಒಳಗಿನ ಕಾವು ೧೬೫ ಫಾರೆನ್‌ಹೀಟನ್ನು (೭೪ ಸೆಂಟಿಗ್ರೇಡ್) ಮುಟ್ಟದಿದ್ದರೆ ಅದನ್ನು ಮಕ್ಕಳ ತಟ್ಟೆಗೆ ಬಡಿಸಲಾಗದು.

ಹಂದಿಯ ಹೆಗಲಮಾಂಸದ ಮಾತು ಬೇರೆ. ಅದು ೧೪೫ ಫಾರೆನ್‌ಹೀಟಿಗೆ ಬಂದು ಮೂರು ನಿಮಿಷ ನಿಂತರೆ ತಿನ್ನಲು ಅಪಾಯವಿಲ್ಲ. ಆದರೆ ಚಪ್ಪಲಿಯ ತೊಗಲನ್ನು ಜಗಿದಂತಿರುತ್ತದೆ. ಅದರಲ್ಲಿರುವ ಕೊಲಾಜೆನ್ ಎಂಬ ಗಡಸು ಅಂಶವು ನಿಧಾನವಾದ ಕಾವಿನಲ್ಲಿ ಗಂಟೆಗಟ್ಟಲೆ ಬೆಂದು ಜೆಲಟಿನ್ ಆಗಿ ಕರಗಬೇಕು. ಇದಕ್ಕೆ ಸುಮಾರು ೧೯೫ರಿಂದ ೨೦೫ ಫಾರೆನ್‌ಹೀಟಿನವರೆಗೆ ಏರಿಸಬೇಕು. ಈ ಏರಿಕೆಯ ನಡುವೆ, ೧೫೦ರಿಂದ ೧೭೦ರೊಳಗೆ ಎಲ್ಲಿಯೋ, ಮಾಪಕವು ಗಂಟೆಗಟ್ಟಲೆ ಅಲುಗದೆ ನಿಂತುಬಿಡುತ್ತದೆ. ಹೊಸಬರು ಗಾಬರಿಗೊಂಡು ಇದ್ದಿಲು ಸುರಿದು ಮಾಂಸವನ್ನು ಸುಟ್ಟುಹಾಕುವುದು ಇಲ್ಲಿಯೇ. ಕಾರಣವು ನಮ್ಮ ಅಡುಗೆಮನೆಯ ಮಣ್ಣಿನ ಹೂಜಿಗೆ ಗೊತ್ತು: ಹೂಜಿಯ ಮೈಯಿಂದ ನೀರು ಆವಿಯಾಗುತ್ತ ಒಳಗಿನದನ್ನು ತಣಿಸುವಂತೆ, ಮಾಂಸದ ಮೇಲಿನ ತೇವವು ಆವಿಯಾಗುತ್ತ ಬೆಂಕಿಯ ಕಾವನ್ನು ಕಸಿಯುತ್ತದೆ. ತಾಳ್ಮೆಯಿದ್ದವರು ಕಾಯಬಹುದು. ಇಲ್ಲದವರು ಮಾಂಸವನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದರೆ ಮಾಪಕವು ಮತ್ತೆ ಏರತೊಡಗುತ್ತದೆ.

ಎರಡನೆಯದು ಇದ್ದಿಲು ಹೊತ್ತಿಸುವ ಚಿಮಣಿ. ಹಿಡಿಯುಳ್ಳ ತಗಡಿನ ಕೊಳವೆ. ಮೇಲೆ ಇದ್ದಿಲು, ಅಡಿಯಲ್ಲಿ ಹಳೆಯ ಪತ್ರಿಕೆಯ ಎರಡು ಹಾಳೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೆಂಡ ಸಿದ್ಧ. ಹೊತ್ತಿಸುವ ಎಣ್ಣೆಯನ್ನು ಸುರಿದರೆ ಅದರ ವಾಸನೆಯು ಮಾಂಸಕ್ಕೆ ಹಿಡಿಯುವ ಭಯ; ಚಿಮಣಿಗೆ ಆ ದೋಷವಿಲ್ಲ. ಬೆಲೆಯೂ ಅಲ್ಪ.

ಇನ್ನು ಕೆಂಡವನ್ನು ಒಂದು ಪಕ್ಕಕ್ಕೆ ತಡೆದಿಡುವ ಬುಟ್ಟಿಗಳು, ನೀರಿನ ತೊಟ್ಟಿಯುಳ್ಳ ತಡೆಗಳು. ಮಾಂಸದ ನೇರ ಕೆಳಗೆ ಕೆಂಡವಿರಬಾರದೆಂಬುದೇ ಇವುಗಳ ಉದ್ದೇಶ. ಉದ್ದೇಶವೇನೋ ಸರಿಯೇ; ತಿಂಗಳಿಗೆರಡು ಸಲ ಈ ಅಡುಗೆ ಮಾಡುವವರು ಕೊಳ್ಳಲಿ. ಉಳಿದವರಿಗೆ ಹಾವಿನ ವಿಧಾನ ಸಾಕು. ಬ್ರಿಕೆಟ್ ಎಂಬ ಅಚ್ಚೊತ್ತಿದ ಇದ್ದಿಲುಂಡೆಗಳನ್ನು ಬೋಗುಣಿಯ ಅಂಚಿಗೆ ತಾಗಿಸಿ ಎರಡು ಸಾಲು, ಅದರ ಮೇಲೆ ಮತ್ತೆರಡು ಸಾಲು, ಅರ್ಧವೃತ್ತಕ್ಕಿಂತ ಸ್ವಲ್ಪ ಹೆಚ್ಚಾಗಿ ಜೋಡಿಸಿ, ಒಂದು ತುದಿಗೆ ಮಾತ್ರ ಹತ್ತು ಹನ್ನೆರಡು ಕೆಂಡಗಳನ್ನಿಟ್ಟರೆ, ಬೆಂಕಿಯು ಊದುಬತ್ತಿಯಂತೆ ಮೆಲ್ಲಮೆಲ್ಲನೆ ಸಾಗುತ್ತ ಹಲವು ಗಂಟೆ ಉರಿಯುತ್ತದೆ. ನಡುವಿನ ಖಾಲಿ ಜಾಗದಲ್ಲಿ ಮನೆಯಲ್ಲಿರುವ ಒಂದು ಹಳೆಯ ತಗಡಿನ ತಟ್ಟೆಗೆ ನೀರು ತುಂಬಿಟ್ಟರೆ ತೊಟ್ಟಿಕ್ಕುವ ಕೊಬ್ಬೂ ಅದರಲ್ಲಿ ಬೀಳುತ್ತದೆ, ಕಾವೂ ಸ್ಥಿರವಾಗುತ್ತದೆ. ಪಕ್ಕಗಳು ಮಡಚಿಕೊಳ್ಳುವ ಜಾಲರಿಯೊಂದು ದೊರೆತರೆ ಮಾತ್ರ ಕೊಳ್ಳಿರಿ. ಮಾಂಸವನ್ನು ಕದಲಿಸದೆ ಇದ್ದಿಲು ಸೇರಿಸಲು ಅದಕ್ಕಿಂತ ಅನುಕೂಲವಾದುದಿಲ್ಲ.

ಹೊಗೆಗೆ ಹಿಕರಿ, ಓಕ್, ಸೇಬು, ಚೆರಿ ಮುಂತಾದ ಮರಗಳ ಒಣಗಿದ ತುಂಡುಗಳು, ಮುಷ್ಟಿಗಾತ್ರದವು ಮೂರು ನಾಲ್ಕು ಸಾಕು. ರಾಳವುಳ್ಳ ಪೈನ್ ಮರವಾಗಲಿ, ಬಣ್ಣ ಬಳಿದ ಅಥವಾ ರಾಸಾಯನಿಕ ಸವರಿದ ಹಲಗೆಯ ಚೂರಾಗಲಿ ಸರ್ವಥಾ ಕೂಡದು. ತುಂಡುಗಳನ್ನು ರಾತ್ರಿಯೆಲ್ಲಾ ನೀರಿನಲ್ಲಿ ನೆನೆಸಬೇಕೆಂಬ ಉಪದೇಶಕ್ಕೆ ಕಿವಿಗೊಡಬೇಡಿರಿ. ನೀರು ಮರದ ಒಳಕ್ಕೆ ಹೆಚ್ಚೇನೂ ಇಳಿಯುವುದಿಲ್ಲ. ಮೊದಲು ಹೊರಡುವುದು ಹೊಗೆಯಲ್ಲ, ಆವಿ. ಹೊಗೆ ಒಳಗೇ ಉಳಿಯಲೆಂದು ಮೇಲಿನ ಕಂಡಿಯನ್ನು ಮುಚ್ಚುವವರೂ ಉಂಟು. ಇದರಿಂದ ದಟ್ಟವಾದ ಬಿಳಿ ಹೊಗೆ ಕಟ್ಟಿ ಮಾಂಸವು ಕಹಿಯಾಗುತ್ತದೆ. ಮೇಲಿನ ಕಂಡಿಯನ್ನು ತೆರೆದು, ಮಾಂಸದ ನೇರಕ್ಕೆ ಬರುವಂತೆ ಮುಚ್ಚಳವನ್ನು ತಿರುಗಿಸಿ, ಕಾವನ್ನು ಕೆಳಗಿನ ಕಂಡಿಯಿಂದಲೇ ಏರಿಳಿಸಬೇಕು. ತೆಳುವಾದ ನೀಲಿ ಹೊಗೆ ಬಂದರೆ ಎಲ್ಲವೂ ಸರಿಯಾಗಿದೆಯೆಂದರ್ಥ.

ಕರಡಿಯ ಪಂಜದಾಕಾರದ ಮುಳ್ಳುಕೈಗಳು, ಹೆಸರು ಕೆತ್ತಿದ ಇಕ್ಕಳಗಳು, ಹೊಗೆಪೆಟ್ಟಿಗೆಗಳು: ಇವುಗಳ ಬಗೆಗೆ ಮಾತು ಬೇಡ. ಆದರೆ ಜಾಲರಿಯನ್ನುಜ್ಜುವ ತಂತಿಯ ಕುಂಚದ ಬಗೆಗೆ ಮಾತ್ರ ಹೇಳಲೇಬೇಕು. ಅದರ ಕೂದಲಿನಂತಹ ತಂತಿಗಳು ಮುರಿದು ಜಾಲರಿಗೆ ಅಂಟಿ, ಆಹಾರದೊಡನೆ ಹೊಟ್ಟೆ ಸೇರುತ್ತವೆ. ಅಮೆರಿಕದ ರೋಗನಿಯಂತ್ರಣ ಕೇಂದ್ರವು ೨೦೧೨ರಲ್ಲಿ ಪ್ರಾವಿಡೆನ್ಸ್ ನಗರದಲ್ಲಿ ಹೀಗೆ ಪೆಟ್ಟಾದ ಆರು ಮಂದಿಯ ವಿವರವನ್ನು ಪ್ರಕಟಿಸಿತು. ಕೆಲವರಿಗೆ ತಂತಿಯು ಗಂಟಲಲ್ಲಿ ನೆಟ್ಟಿದ್ದರೆ, ಕೆಲವರಿಗೆ ಕರುಳನ್ನೇ ಚುಚ್ಚಿತ್ತು. ಅಲ್ಯೂಮಿನಿಯಂ ಹಾಳೆಯನ್ನು ಉಂಡೆಗಟ್ಟಿ, ಇಕ್ಕಳದಲ್ಲಿ ಹಿಡಿದು, ಬಿಸಿಯಾದ ಜಾಲರಿಯನ್ನುಜ್ಜಿದರೆ ಅಷ್ಟೇ ಚೊಕ್ಕಟವಾಗುತ್ತದೆ. ಕುಂಚವು ಈಗಾಗಲೇ ಮನೆಯಲ್ಲಿದ್ದರೆ ಇಂದೇ ಎಸೆಯಿರಿ.

ಮಳೆ ಬಂತೆಂದು ಒಲೆಯನ್ನು ಮೋಟಾರು ಕೊಟ್ಟಿಗೆಯೊಳಕ್ಕೆ ಎಳೆಯುವುದು ಪ್ರಾಣಾಪಾಯ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ತೆರೆದಿಟ್ಟರೂ ಸಾಲದು. ಕಡೆಯದಾಗಿ, ಯಾವ ಅಂಗಡಿಯವನೂ ಮುಂದೆ ತಂದು ತೋರಿಸದ, ಆದರೆ ಚಿಮಣಿಯಷ್ಟೇ ಅಗತ್ಯವಾದ ಪರಿಕರವೊಂದಿದೆ: ಮುಚ್ಚಳವುಳ್ಳ ಲೋಹದ ಬಕೀಟು. ತಣ್ಣಗಾದಂತೆ ಕಾಣುವ ಬೂದಿಯೊಳಗೆ ಕೆಂಡವು ಮರುದಿನದವರೆಗೂ ಜೀವ ಹಿಡಿದಿರಬಲ್ಲದು. ಅಡುಗೆ ಮುಗಿದೊಡನೆ ಎರಡೂ ಕಂಡಿಗಳನ್ನು ಮುಚ್ಚಿ, ಮಾರನೆಯ ದಿನ ಬೂದಿಯನ್ನು ಬಕೀಟಿಗೆ ತೋಡಿ, ನೀರು ಚಿಮುಕಿಸಿ, ಗೋಡೆಯಿಂದ ದೂರದಲ್ಲಿ ಇನ್ನೂ ಒಂದು ದಿನ ಬಿಟ್ಟು, ಆಮೇಲೆ ಕಸದ ತೊಟ್ಟಿಗೆ ಸುರಿಯತಕ್ಕದ್ದು.