ಬೆಸೆದ ಟಬ್ಬಿನ ತರ್ಕ

"ಬೇರಿಂಗ್ ಹೋಗಿದೆ ಸಾರ್. ಬರಿಯ ಬೇರಿಂಗ್ ಸಿಗುವುದಿಲ್ಲ, ಟಬ್ಬು ಪೂರ್ತಿ ಬದಲಾಯಿಸಬೇಕು. ಅದಕ್ಕಿಂತ ಹೊಸ ಮೆಷಿನ್ ಕೊಳ್ಳುವುದೇ ಲಾಭ." ಬಟ್ಟೆ ಒಗೆಯುವ ಯಂತ್ರವು ಐದಾರು ವರ್ಷ ದುಡಿದು, ಬಟ್ಟೆ ಹಿಂಡುವ ವೇಳೆಗೆ ಗರಗರನೆ ಗರ್ಜಿಸತೊಡಗಿದರೆ, ಬೆಂಗಳೂರಿನ ಗೃಹಸ್ಥನಿಗೂ ಕೊರಟಗೆರೆಯ ಗೃಹಸ್ಥನಿಗೂ ಅನೇಕ ವೇಳೆ ಸಿಗುವ ತೀರ್ಪು ಇದೇ. ಮೊದಲ ಮಾತು ನಿಜವಿದ್ದೀತು. ಉಳಿದೆರಡು ಮಾತುಗಳು ಪ್ರಕೃತಿ ನಿಯಮವಲ್ಲ, ಕಾರ್ಖಾನೆಯವರ ಏರ್ಪಾಡು ಎಂಬುದೇ ನನ್ನ ತಕರಾರು.

ಮೊದಲ ಮಾತನ್ನೂ ಪರೀಕ್ಷಿಸದೆ ಒಪ್ಪಬೇಕಾಗಿಲ್ಲ. ಮುಂದೆ ಬಾಗಿಲಿರುವ ಯಂತ್ರವಾದರೆ, ಪ್ಲಗ್ ಕಿತ್ತು, ಬಾಗಿಲು ತೆರೆದು, ಒಳಗಿನ ಡ್ರಮ್ಮಿನ ಮೇಲಂಚನ್ನು ಹಿಡಿದೆತ್ತಿ ನೋಡಿ. ಡ್ರಮ್ಮೂ ಹೊರಗಿನ ಟಬ್ಬೂ ಒಟ್ಟಿಗೆ ತೂಗಿದರೆ ಗಾಬರಿ ಬೇಡ. ಟಬ್ಬು ಸ್ಪ್ರಿಂಗಿನಲ್ಲಿ ನೇತಾಡುವಂಥದೇ. ಟಬ್ಬು ನಿಂತು ಡ್ರಮ್ಮು ಮಾತ್ರ ಲೊಡಲೊಡ ಎಂದರೆ ಬೇರಿಂಗ್ ಸವೆದಿದೆ. ಬೆಲ್ಟಿನ ಯಂತ್ರವಾದರೆ ಬೆಲ್ಟು ತೆಗೆದು ಕೈಯಲ್ಲಿ ತಿರುಗಿಸಿದಾಗಲೂ ಸದ್ದು ಉಳಿಯಬೇಕು. ಸದ್ದು ನಿಂತರೆ ದೋಷ ಬೇರೆಡೆ ಇದೆ. ಟಬ್ಬಿಗೂ ಡ್ರಮ್ಮಿಗೂ ನಡುವೆ ಸಿಕ್ಕಿದ ಒಂದು ನಾಣ್ಯವೂ ಇಂಥದೇ ರಂಪ ಮಾಡಬಲ್ಲದು. ಎಷ್ಟು ಯಂತ್ರಗಳು ಒಂದು ರೂಪಾಯಿಯ ಬಿಲ್ಲೆಗಾಗಿ ಗುಜರಿ ಸೇರಿವೆಯೋ!

ಬೇರಿಂಗ್ ತಾನಾಗಿ ಸಾಯುವುದು ಅಪರೂಪ. ಅದರ ಮುಂದೆ ಕಾವಲಿಗಿರುವ ರಬ್ಬರ್ ಸೀಲು ಮೊದಲು ಸೋಲುತ್ತದೆ. ಕೊಳವೆಬಾವಿಯ ಗಡಸು ನೀರು, ಕರಗದ ಸಾಬೂನುಪುಡಿ ಸೇರಿ ಅದರ ತುಟಿ ಬಿರುಸಾಗುತ್ತದೆ. ನೀರು ಒಳನುಗ್ಗಿ ಗ್ರೀಸನ್ನು ತೊಳೆಯುತ್ತದೆ. ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ಯಂತ್ರದ ಬೆನ್ನಿನಲ್ಲಿ ಇಳಿಯುವ ಕಂದು ಕಲೆ ಇದರ ಸಾಕ್ಷಿ. ಆದಕಾರಣ ಸೀಲು ಬಿಟ್ಟು ಬೇರಿಂಗ್ ಮಾತ್ರ ಬದಲಾಯಿಸುವುದು, ಒಡೆದ ಕೊಡಕ್ಕೆ ಮತ್ತೆ ನೀರು ತುಂಬಿದಂತೆ. ಡ್ರಮ್ಮಿನ ಬೆನ್ನಿಗಿರುವ ಅಲ್ಯೂಮಿನಿಯಂ ಚೌಕಟ್ಟು ಸಾಬೂನಿನ ಕ್ಷಾರಕ್ಕೆ ಸವೆದಿದ್ದರೆ ಹೊಸ ಬೇರಿಂಗಿನಿಂದ ಪ್ರಯೋಜನವಿಲ್ಲವೆಂಬುದನ್ನೂ ಒಪ್ಪುತ್ತೇನೆ.

ಇನ್ನು ಕೊರಟಗೆರೆ, ಮಧುಗಿರಿ, ಪಾವಗಡಗಳ ಸೀಮೆಗೆ ಬನ್ನಿ. ಇಲ್ಲಿ ಬರ ಮಳೆಗೆ. ಪಂಪುಸೆಟ್ಟಿನ ಮೋಟಾರು ಬಿಚ್ಚುವ ರಿವೈಂಡಿಂಗ್ ಅಂಗಡಿಗಳಿಗಲ್ಲ. ಅಲ್ಲಿನ ಮೇಸ್ತ್ರಿ ಪುಲ್ಲರ್ ಹಾಕಿ ಹಳೆಯ ಬೇರಿಂಗ್ ಕಿತ್ತು, ಅದರ ಅಂಚಿನ ಅಂಕೆ ಓದುತ್ತಾನೆ. 6205 ಎಂದಿದ್ದರೆ ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52, ದಪ್ಪ 15. ಯಾವ ದೇಶದಲ್ಲಿ ತಯಾರಾದರೂ ಅಷ್ಟೇ. ಕೂರಿಸುವಾಗ ಗೂಡಿಗೆ ಬಿಗಿಯಬೇಕಾದ ಹೊರಬಳೆಯ ಮೇಲೆ ಪೆಟ್ಟು ಬೀಳಬೇಕೇ ಹೊರತು ಒಳಬಳೆಯ ಮೇಲಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಟ್ಟೆಯಂತ್ರದ ಹೊಟ್ಟೆಯಲ್ಲಿರುವುದೂ ಸಾಮಾನ್ಯವಾಗಿ ಇದೇ ಜಾತಿಯ ಸಾಮಾನು. ವಿದ್ಯೆ ಇದೆ, ಸಾಮಾನಿದೆ, ಕೈ ಇದೆ. ಆದರೆ ಟಬ್ಬಿನ ಎರಡು ಹೋಳುಗಳನ್ನು ಬೋಲ್ಟಿನಿಂದ ಬಿಗಿಯುವ ಬದಲು ಕಾಯಿಸಿ ಬೆಸೆದುಬಿಟ್ಟರೆ ಆ ಕೈ ಒಳಗೆ ಹೋಗುವುದೆಲ್ಲಿ?

ಬೆಸೆದರೆ ಸೋರುವುದಿಲ್ಲ, ಅಗ್ಗವಾಗುತ್ತದೆ ಎಂದು ಸಮಜಾಯಿಷಿ ಕೊಡುವವರುಂಟು. ಅಗ್ಗ ಯಾರಿಗೆ? ರಬ್ಬರ್ ಉಂಗುರ ಹಾಕಿ ಬೋಲ್ಟು ಬಿಗಿದ ಟಬ್ಬುಗಳು ವರ್ಷಗಟ್ಟಲೆ ಸೋರದೆ ನಡೆದಿವೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ 2022ರ ಜುಲೈನಲ್ಲಿ ಸಮಿತಿ ರಚಿಸಿತು. ಕೃಷಿ ಉಪಕರಣಗಳ ಜೊತೆಗೆ ಗೃಹೋಪಯೋಗಿ ಯಂತ್ರಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದೇ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಸಂತೋಷ. ಆದರೆ ಜಾಲತಾಣದಿಂದ ಬೆಸುಗೆ ಬಿಚ್ಚುವುದಿಲ್ಲ. 2021ರ ಮಾರ್ಚಿನಿಂದ ಐರೋಪ್ಯ ಒಕ್ಕೂಟದಲ್ಲಿ ಜಾರಿಯಾದ ನಿಯಮ, ಒಂದು ಮಾದರಿಯ ಕಡೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ ಕನಿಷ್ಠ ಹತ್ತು ವರ್ಷ ಬಿಡಿಭಾಗ ಒದಗಿಸಬೇಕೆನ್ನುತ್ತದೆ. ಪಟ್ಟಿಯಲ್ಲಿ ಬೇರಿಂಗೂ ಇದೆ. ಆದರೆ ಡ್ರಮ್ಮು, ಬೇರಿಂಗುಗಳನ್ನು "ಬಿಡಿಯಾಗಿ ಅಥವಾ ಒಟ್ಟಾಗಿ" ಕೊಡಬಹುದೆಂದು ಅಲ್ಲೊಂದು ಕಿಂಡಿ ಬಿಟ್ಟಿದ್ದಾರೆ. ನಮ್ಮವರು ಆ ನಿಯಮವನ್ನು ನಕಲು ಮಾಡುವುದಾದರೆ "ಅಥವಾ ಒಟ್ಟಾಗಿ" ಎಂಬುದನ್ನು ಹೊಡೆದುಹಾಕಿ ನಕಲು ಮಾಡಲಿ. ಟಬ್ಬು ಬೋಲ್ಟಿನದೋ ಬೆಸೆದದ್ದೋ, ಬೇರಿಂಗಿನ ಅಂಕೆ ಯಾವುದು, ಸೀಲಿನ ಅಳತೆ ಎಷ್ಟು ಎಂಬುದನ್ನು ಬೆಲೆಚೀಟಿಯ ಪಕ್ಕದಲ್ಲೇ ಅಚ್ಚು ಹಾಕಿಸಲಿ.