ರೋಬೋ ಇರಲಿ, ಮೊದಲು ಎತ್ತಿ ಹಿಡಿಯೋಣ

ಕಳೆದ ಸೆಮ್‌ನಲ್ಲಿ ನಮ್ಮ ರೂಮ್‌ಮೇಟ್‌ಗೆ ಅಪೆಂಡಿಕ್ಸ್ ಆಪರೇಷನ್ ಆಯ್ತು. ಮೂರು ಸಣ್ಣ ತೂತು, ಮೂರನೇ ದಿನ ಹಾಸ್ಟೆಲ್‌ಗೆ ವಾಪಸ್. ನೋಡೋಕೆ ಬಂದ ಅವನ ಅಪ್ಪ ತಮ್ಮ ಹೊಟ್ಟೆ ತೋರಿಸಿದರು. ಅದೇ ಆಪರೇಷನ್, ಆದರೆ ಬೆರಳುದ್ದದ ಗೆರೆ. ಎರಡು ತಿಂಗಳು ಹೊಲದ ಕಡೆ ಹೋಗಿರಲಿಲ್ಲವಂತೆ. "ನಮ್ಮ ಕಡೆ ಈಗಲೂ ಹೀಗೇ ಕೊಯ್ಯೋದು ಕಣ್ರಪ್ಪಾ" ಅಂದರು.

ನಮ್ಮಲ್ಲಿ ಮೆಡಿಕಲ್ ಪ್ರಾಜೆಕ್ಟ್ ಅಂದ್ರೆ ಎಲ್ಲರ ಬಾಯಲ್ಲೂ ಸರ್ಜಿಕಲ್ ರೋಬೋ. ನಾವೂ ಅದನ್ನೇ ಬರೆದುಕೊಟ್ಟಿದ್ದೆವು. 2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾ ವಿಂಚಿ ಅದ್ಭುತ ಯಂತ್ರವೇ, ಬೆಲೆ ಮಾತ್ರ ಕೋಟಿಗಳಲ್ಲಿ. ಆದರೆ ಸಣ್ಣ ಊರಿನ ಆಸ್ಪತ್ರೆಯ ತೊಡಕು ರೋಬೋ ಇಲ್ಲ ಅನ್ನೋದಲ್ಲ.

ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಬಲೂನಿನಂತೆ ಉಬ್ಬಿಸುತ್ತಾರೆ. ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸ. ಉಬ್ಬಿಸದಿದ್ದರೆ ಕ್ಯಾಮೆರಾಗೆ ಏನೂ ಕಾಣಲ್ಲ, ಉಪಕರಣ ಆಡಿಸೋಕೆ ಜಾಗ ಇರಲ್ಲ. ಆದರೆ ಆ ಗ್ಯಾಸ್ ಡಯಾಫ್ರಮ್ ಅನ್ನು ಮೇಲಕ್ಕೆ ತಳ್ಳಿ ಉಸಿರಾಟಕ್ಕೆ ತೊಂದರೆ ಕೊಡುತ್ತೆ. ಅದಕ್ಕೇ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ, ಗಂಟಲಿಗೆ ಟ್ಯೂಬ್, ವೆಂಟಿಲೇಟರ್, ಇದನ್ನೆಲ್ಲ ನೋಡಿಕೊಳ್ಳೋಕೆ ತಜ್ಞರು. ಇದರಲ್ಲಿ ಒಂದು ತಪ್ಪಿದರೂ ಮತ್ತೆ ಬೆರಳುದ್ದದ ಗೆರೆ.

ಗ್ಯಾಸ್ ಬಿಟ್ಟು ಹೊಟ್ಟೆಯ ಗೋಡೆಯನ್ನೇ ಎತ್ತಿ ಹಿಡಿದರೆ? ನಮ್ಮ ದೇಶದ ಗ್ರಾಮೀಣ ಸರ್ಜನ್‌ಗಳು ಇದನ್ನು ಮಾಡಿ ತೋರಿಸಿದ್ದಾರೆ. ಬೆನ್ನಿಗೆ ಕೊಡೋ ಇಂಜೆಕ್ಷನ್‌ನಲ್ಲೇ ಆಪರೇಷನ್ ಮುಗಿಸಬಹುದು. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ಇವರ ಜೊತೆ ಸೇರಿ ಅದಕ್ಕೊಂದು ಉಪಕರಣವನ್ನೇ ರೂಪಿಸಿದರು. ಲೀಡ್ಸ್‌ನವರು ಇಲ್ಲಿವರೆಗೆ ಬಂದು ಕೇಳಿದ್ದನ್ನು, ಬಸ್ಸಲ್ಲಿ ಎರಡು ಗಂಟೆ ದೂರದ ತಾಲ್ಲೂಕಿಗೆ ಹೋಗಿ ನಾವು ಕೇಳಿಲ್ಲ. ಇದು ನಮಗೆ ನಿಜವಾಗಲೂ ಚುಚ್ಚಿತು.

ಗೈಡ್ ಹತ್ರ ಹೇಳಿದ್ವಿ. "ಇದರಲ್ಲಿ ಎಐ ಎಲ್ಲಿದೆ?" ಅಂದ್ರು. ಇಲ್ಲ. 1980ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಮೊದಲ ಬಾರಿ ಲ್ಯಾಪರೋಸ್ಕೋಪ್ ಮೂಲಕ ಅಪೆಂಡಿಕ್ಸ್ ತೆಗೆದ ಕುರ್ಟ್ ಸೆಮ್ ಕೂಡ ಡಾಕ್ಟರ್ ಆಗುವ ಮುಂಚೆ ಉಪಕರಣ ಮಾಡೋ ಕೆಲಸ ಕಲಿತವರು. ಅವರನ್ನೂ ಆಗ ಜೊತೆಯ ಡಾಕ್ಟರುಗಳೇ ಟೀಕಿಸಿದ್ದರು.

ಕೆಲಸ ಸುಲಭ ಅಂತ ನಾವು ಹೇಳ್ತಿಲ್ಲ. ಗ್ಯಾಸ್ ತುಂಬಿದರೆ ಗುಮ್ಮಟದ ಹಾಗೆ ಎಲ್ಲ ಕಡೆ ಜಾಗ ಸಿಗುತ್ತೆ, ಎತ್ತಿ ಹಿಡಿದರೆ ಟೆಂಟ್ ಥರ, ಬದಿಗಳಲ್ಲಿ ಇಕ್ಕಟ್ಟು. ದಪ್ಪ ಇರೋರಲ್ಲಿ ಇನ್ನೂ ಕಷ್ಟ. ಎಲ್ಲಿ ಹಿಡಿಯಬೇಕು, ಎಷ್ಟು ಬಲ, ಚರ್ಮಕ್ಕೆ ಪೆಟ್ಟಾಗದ ಹಾಗೆ ಹೇಗೆ? ಇದು ನಮ್ಮ ಮೂರನೇ ಸೆಮ್ಮಿನ ಮೆಕ್ಯಾನಿಕ್ಸ್ ಪೇಪರ್ರೇ ಅಲ್ವಾ? ಮೆಕ್‌ನವರು ಇಬ್ಬರು ಬೇಕು, ಶನಿವಾರ ವರ್ಕ್‌ಶಾಪ್ ಹತ್ರ ಸಿಗ್ತೀವಿ.