ಅಂಗಡಿಯ ಮೇಲಿನ ಮನೆಗೆ ಸ್ಪ್ರಿಂಕ್ಲರ್

ಸ್ಪ್ರಿಂಕ್ಲರ್ ಎಂದೊಡನೆ ನವಲಗುಂದ, ಅಣ್ಣಿಗೇರಿ ಭಾಗದ ಜನರ ಕಣ್ಣಿಗೆ ಕಟ್ಟುವುದು ಕಡಲೆ ಹೊಲದ ತುಂತುರು ನೀರಿನ ಕೊಳವೆಗಳು. ಅದೇ ಹೆಸರಿನ ಅಗ್ನಿಶಾಮಕ ಸಾಧನವನ್ನು ಮನೆಯ ಛಾವಣಿಗೆ ಅಳವಡಿಸುವ ಮಾತು ಬಂದರೆ, ಅದು ಬೆಂಗಳೂರಿನ ಬಹುಮಹಡಿ ಕಟ್ಟಡಗಳ ವಿಚಾರವೆಂದು ತಳ್ಳಿಹಾಕುವವರೇ ಹೆಚ್ಚು. ನಿಯಮವೂ ಅವರ ಪರವಾಗಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಂದೆರಡು ಅಂತಸ್ತಿನ ಖಾಸಗಿ ಮನೆಗೆ ಸ್ಪ್ರಿಂಕ್ಲರನ್ನು ಕಡ್ಡಾಯಗೊಳಿಸಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು 2011ರಿಂದ, ಬ್ರಿಟನ್ನಿನ ವೇಲ್ಸ್ 2016ರಿಂದ ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿವೆ ನಿಜ. ಆದರೆ ಅಲ್ಲಿಯ ನಲ್ಲಿಗಳಲ್ಲಿ ಹಗಲಿರುಳು ಒತ್ತಡದ ನೀರಿರುತ್ತದೆ. ಮಲಪ್ರಭೆಯ ಕಾಲುವೆಯಿಂದ ಕೆರೆ ತುಂಬಿಸಿಕೊಂಡು ಬಾಳುವ ಊರಿಗೆ ಆ ನಿಯಮವನ್ನು ಹಾಗೆಯೇ ತಂದು ಹೇರುವುದು ವಿವೇಕವಲ್ಲ.

ಆದರೆ ಇಲ್ಲಿಯ ಪೇಟೆಗಳಲ್ಲಿ ಕೇವಲ ವಾಸಕ್ಕೆಂದೇ ಇರುವ ಮನೆಗಳೆಷ್ಟು? ಕೆಳಗೆ ಅಂಗಡಿ, ಹಿಂದೆ ಗೋದಾಮು, ಮೇಲೆ ಸಂಸಾರ ಎಂಬುದು ಅಣ್ಣಿಗೇರಿಯಲ್ಲಿ ಸಾಮಾನ್ಯ ನೋಟ. ಕುಂದಗೋಳದ ಕಡೆ ಮೆಣಸಿನಕಾಯಿ ಚೀಲಗಳೂ ಹತ್ತಿಯೂ ದರ ಏರುವವರೆಗೆ ಪಡಸಾಲೆಯಲ್ಲೇ ಕಾಯುತ್ತವೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನವಲಗುಂದದ ಜಮಖಾನೆಯ ಮಗ್ಗ ನಿಂತಿರುವುದು ಮನೆಯೊಳಗೆ, ನೂಲಿನ ರಾಶಿಯ ಪಕ್ಕದಲ್ಲಿ. ಕಲಘಟಗಿಯ ತೊಟ್ಟಿಲಿಗೆ ಅರಗಿನ ಬಣ್ಣ ಏರುವುದೂ ಮನೆಯಲ್ಲೇ. ಕಟ್ಟಿಗೆ, ಅರಗು, ಶಾಖ ಮೂರೂ ಒಂದೇ ಸೂರಿನಡಿ.

ಇಂತಹ ವ್ಯವಸ್ಥೆಯ ಅಪಾಯವನ್ನು 2025ನೇ ವರ್ಷ ಎರಡು ಬಾರಿ ತೋರಿಸಿತು. ಮೇ 18ರಂದು ಹೈದರಾಬಾದಿನ ಚಾರ್ಮಿನಾರ್ ಸಮೀಪದ ಗುಲ್ಜಾರ್ ಹೌಜ್‌ನಲ್ಲಿ, ಕೆಳಗೆ ಮುತ್ತಿನ ಅಂಗಡಿ, ಮೇಲೆ ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 17 ಜನ ಅಸುನೀಗಿದರು. ಅವರಲ್ಲಿ 8 ಮಕ್ಕಳು. ಹೊರಬರಲು ಇದ್ದುದು ಒಂದೇ ಇಕ್ಕಟ್ಟಾದ ದಾರಿ. ಆಗಸ್ಟ್ 16ರಂದು ಬೆಂಗಳೂರಿನ ನಗರ್ತಪೇಟೆಯಲ್ಲಿ ನೆಲಹಾಸಿನ ದಾಸ್ತಾನಿದ್ದ ಕಟ್ಟಡದಲ್ಲಿ ಐವರು ಮಡಿದರು. ಮೇಲಿನ ಮನೆಯಲ್ಲಿದ್ದ ತಾಯಿ ಮತ್ತು ಇಬ್ಬರು ಎಳೆಯ ಮಕ್ಕಳು ಅವರಲ್ಲಿ ಸೇರಿದ್ದರು.

"ವಿಮೆ ಇದೆಯಲ್ಲ" ಎಂಬ ಉತ್ತರ ಸಿದ್ಧವಿರುತ್ತದೆ. ಯಾವ ವಿಮೆ ಎಂದು ಕೇಳಬೇಕು. 2021ರ ಏಪ್ರಿಲ್ 1ರಿಂದ ಜಾರಿಯಾದ ಭಾರತ ಗೃಹ ರಕ್ಷಾ ಪಾಲಿಸಿಯು ಮನೆಗೆ ಮತ್ತು ಮನೆಯ ಸಾಮಾನಿಗೆ, ವ್ಯಾಪಾರದ ಸರಕಿಗಲ್ಲ. ಸರಕಿಗೆ 5 ಕೋಟಿ ರೂ.ವರೆಗೆ ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ ಇದೆ. ಅದರಲ್ಲಿಯೂ ಶೇಕಡಾ 15ಕ್ಕಿಂತ ಹೆಚ್ಚು ಕಡಿಮೆ ಮೊತ್ತಕ್ಕೆ ವಿಮೆ ಇಳಿಸಿದರೆ ಪರಿಹಾರ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 20 ಲಕ್ಷದ ದಾಸ್ತಾನಿಗೆ 10 ಲಕ್ಷದ ಪಾಲಿಸಿ ಇದ್ದು, 4 ಲಕ್ಷದ ಸರಕು ಸುಟ್ಟರೆ ಕೈಗೆ ಬರುವುದು 2 ಲಕ್ಷ. ಮೇಲಾಗಿ ಜಿಎಸ್‌ಟಿ ಕಾಯ್ದೆಯ ಕಲಂ 17(5)ರ ಪ್ರಕಾರ ನಾಶವಾದ ಸರಕಿನ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಶೇಕಡಾ 18 ತೆರಿಗೆಯ ಸರಕಾದರೆ ಅದು 72,000 ರೂ. ಬೆಂಕಿ ಆರಿದ ಮೇಲೆ ಬರುವ ಈ ಎರಡನೆಯ ಬೆಂಕಿಯ ಬಗ್ಗೆ ಬಹಳಷ್ಟು ವರ್ತಕರು ಯೋಚಿಸಿಯೇ ಇರುವುದಿಲ್ಲ. ಮೇಲಂತಸ್ತಿನಲ್ಲಿ ಮಲಗಿದವರಿಗಂತೂ ಯಾವ ಪಾಲಿಸಿಯೂ ಲೆಕ್ಕ ಚುಕ್ತಾ ಮಾಡಲಾರದು.

ಆದ್ದರಿಂದ ಇಡೀ ಮನೆಗಲ್ಲದಿದ್ದರೂ ಗೋದಾಮಿನ ಭಾಗಕ್ಕೆ ಮತ್ತು ಮೆಟ್ಟಿಲಿನ ಬುಡಕ್ಕೆ ಸ್ಪ್ರಿಂಕ್ಲರ್ ಅಳವಡಿಸುವುದು ಯುಕ್ತ. ಚಲನಚಿತ್ರಗಳಲ್ಲಿ ತೋರಿಸುವಂತೆ ಎಲ್ಲವೂ ಒಮ್ಮೆಲೇ ಸುರಿದು ಸರಕನ್ನೆಲ್ಲ ತೋಯಿಸುವುದಿಲ್ಲ. ಪ್ರತಿ ಬಾಯಿಗೂ ದ್ರವ ತುಂಬಿದ ಸಣ್ಣ ಗಾಜಿನ ಬುರುಡೆ ಇದ್ದು, ಕೆಂಪು ಬಣ್ಣದ್ದು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡೆಯುತ್ತದೆ. ಬೆಂಕಿಯ ಮೇಲಿರುವುದು ಮಾತ್ರ ತೆರೆಯುತ್ತದೆ. ಒಂದು ಬಾಯಿ ನಿಮಿಷಕ್ಕೆ 50 ಲೀಟರ್ ಸುರಿಸುತ್ತದೆಂದು ಹಿಡಿದರೆ, ಎರಡಕ್ಕೆ 10 ನಿಮಿಷ ಸಾಲುವ ನೀರು 1,000 ಲೀಟರ್. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಸಿಗುವುದರಿಂದ, ಎರಡಂತಸ್ತಿನ ತಾರಸಿಯ ಮೇಲಿನ ಟ್ಯಾಂಕು ಕೆಳಗಿನ ಗೋದಾಮಿಗೆ ಅರ್ಧ ಬಾರ್‌ಗಿಂತ ತುಸು ಹೆಚ್ಚು ಒತ್ತಡ ಕೊಡುತ್ತದೆ. ಪಂಪು ಬೇಡ, ಹೆಸ್ಕಾಂ ವಿದ್ಯುತ್ತೂ ಬೇಡ. ಮೇಲಂತಸ್ತಿಗೆ ಮಾತ್ರ ಈ ಒತ್ತಡ ಸಾಲದು. ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಟ್ಯಾಂಕಿನ ಭಾರ ತಾಳವು. ಅಲ್ಲಿ ಹಿತ್ತಲಿನಲ್ಲಿ ಪ್ರತ್ಯೇಕ ಕಂಬಗಳೇ ಬೇಕು. ಹೊಲದ ಪ್ಲಾಸ್ಟಿಕ್ ಕೊಳವೆಯನ್ನೇ ತಂದು ಜೋಡಿಸುವ ಮಿತವ್ಯಯ ಸಲ್ಲದು, ಅದು ಬೆಂಕಿಗೆ ಕರಗುತ್ತದೆ. ಜಿಐ ಕೊಳವೆಯೇ ಆಗಬೇಕು.

ಇದರ ಮಿತಿಯನ್ನೂ ಹೇಳಬೇಕು. ಅಂಡಿಗೆ ಕಟ್ಟಿದ ಹತ್ತಿಯ ಒಳಗೆ ಕಿಡಿ ಹೊಕ್ಕರೆ ಸ್ಪ್ರಿಂಕ್ಲರ್ ಜ್ವಾಲೆಯನ್ನು ತಡೆದೀತೇ ಹೊರತು ಒಳಗಿನ ಕೆಂಡವನ್ನು ಆರಿಸದು. ಸೋರುವ ಅಡುಗೆ ಅನಿಲದ ಸ್ಫೋಟಕ್ಕೂ ಇದು ಮದ್ದಲ್ಲ. ಸರಕನ್ನು ಛಾವಣಿಯವರೆಗೆ ಒಟ್ಟಿದರೆ ನೀರು ಹರಡುವುದಿಲ್ಲ. ಎತ್ತರದ ಒಟ್ಟಣೆಗೆ ಐಎಸ್ 15105 ಮಾನಕ ಬಲ್ಲ ತಜ್ಞರ ವಿನ್ಯಾಸ ಅವಶ್ಯ. ಆದರೆ ತಾಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ಎರೆಭೂಮಿಯ ರಸ್ತೆ ದಾಟಿ ಬರುವವರೆಗಿನ ಮೊದಲ ಹತ್ತು ನಿಮಿಷ, ಮಕ್ಕಳು ಮತ್ತು ವೃದ್ಧರು ಮೆಟ್ಟಿಲಿಳಿಯುವ ಆ ಹತ್ತು ನಿಮಿಷ, ಇದರಿಂದ ದೊರೆಯುತ್ತದೆ.

ವಾಣಿಜ್ಯೋದ್ಯಮ ಸಂಸ್ಥೆಗಳು ಮಾಡಬಹುದಾದ ಕೆಲಸವೊಂದಿದೆ. ಹಿಂದಿನ ಅಗ್ನಿ ವಿಮಾ ದರಪಟ್ಟಿಯಲ್ಲಿ ಸ್ಪ್ರಿಂಕ್ಲರ್, ಹೈಡ್ರಂಟ್ ಇದ್ದವರಿಗೆ ಪ್ರೀಮಿಯಂ ರಿಯಾಯಿತಿ ಇತ್ತು. ಅದರ ಲಾಭ ಪಡೆದುದು ಬಹುತೇಕ ದೊಡ್ಡ ಗಿರಣಿಗಳು. 2007ರಲ್ಲಿ ದರ ನಿಯಂತ್ರಣ ತೆರವಾದ ಮೇಲೆ ರಿಯಾಯಿತಿ ಚೌಕಾಶಿಯ ವಿಷಯವಾಗಿದೆ. ಒಬ್ಬ ಕಿರಾಣಿ ವರ್ತಕನ ಚೌಕಾಶಿಗೆ ಕಂಪನಿ ಕಿವಿಗೊಡದು. ಪೇಟೆಯ ಐವತ್ತು ಅಂಗಡಿಗಳು ಒಂದೇ ಮಾದರಿಯ ವ್ಯವಸ್ಥೆ ಮಾಡಿಕೊಂಡು ಒಟ್ಟಾಗಿ ಹೋದರೆ ಮಾತಿಗೆ ತೂಕ ಬರುತ್ತದೆ. ಜೊತೆಗೆ ಮಾರ್ಚ್ 31ರಂದು ದಾಸ್ತಾನು ಎಣಿಸುವಾಗಲೇ ಕೊಳವೆಯ ಕೊನೆಯ ವಾಲ್ವ್ ತೆರೆದು, ನೀರು ಬರುತ್ತದೆಯೇ ಎಂದು ನೋಡಿ, ದಾಸ್ತಾನು ಪಟ್ಟಿಯಲ್ಲೇ ಒಂದು ಸಾಲು ಬರೆದಿಡುವುದನ್ನು ರೂಢಿ ಮಾಡಿಕೊಂಡರೆ, ವಿಮಾ ಸರ್ವೇಯರ್ ಮುಂದಿಡಲು ಅದೊಂದು ದಾಖಲೆಯೂ ಆದೀತು.